ಅಗ್ಗದ ಪಿಯಾನೋ ಸಿಡಿಗೆ ದುಡ್ಡು ಹಾಕಬಹುದಾ?

ನೀವು ಕಾರವಾರದವರು. ಮಡಗಾಂವ್‌ನ ಹಳೇ ಸಾಮಾನಿನ ಅಂಗಡಿಯಲ್ಲಿ ಬೀಥೋವನ್ ಸೊನಾಟಗಳ (ಕೆಲವು ಭಾಗಗಳಿರುವ ಪಿಯಾನೋ ಕೃತಿಗಳ) ಸಿಡಿ ಬಾಕ್ಸ್ ಕಂಡಿದೆ. ನಾಕ್ಸೋಸ್ ಎಂಬ ರೆಕಾರ್ಡ್ ಕಂಪನಿಯ ಲೇಬಲ್, ನುಡಿಸಿದವರು ಯೆನೊ ಯಾಂಡೊ. ಇಷ್ಟು ಕಮ್ಮಿ ರೇಟಿನದು ಚೆನ್ನಾಗಿರುತ್ತಾ, ಇಲ್ಲ ದುಡ್ಡು ಕೂಡಿಟ್ಟು ದೊಡ್ಡ ಹೆಸರಿನವರದ್ದೇ ತಗೊಳ್ಳಲಾ ಅಂತ ಕೇಳಿದ್ದೀರಿ. ತಗೊಳ್ಳಿ. ನಾನು ಶಿರಸಿಯಲ್ಲಿ ಹಾರ್ಮೋನಿಯಂ ಕಲಿಸುತ್ತೇನೆ, ಪಿಯಾನೋ ಕೇಳುವುದು ನನಗೆ ಬಹಳ ಇಷ್ಟದ ಕೆಲಸ.

ಮೊದಲು ಅದು ಯಾಕೆ ಅಗ್ಗ ಅಂತ ನೋಡಿ. ಕ್ಲಾಸ್ ಹೈಮನ್ 1987ರಲ್ಲಿ ಹಾಂಗ್‌ಕಾಂಗ್‌ನಲ್ಲಿ ನಾಕ್ಸೋಸ್ ಶುರು ಮಾಡಿದರು. ಹೆಸರುವಾಸಿಗಳ ಹಿಂದೆ ಹೋಗಲಿಲ್ಲ. ಚೆನ್ನಾಗಿ ನುಡಿಸುವ, ಆದರೆ ಹೊರಗೆ ಅಷ್ಟಾಗಿ ಗೊತ್ತಿಲ್ಲದವರನ್ನು ಹುಡುಕಿದರು. ರಾಯಲ್ಟಿ ಇಲ್ಲ, ಒಂದೇ ಸಲದ ಸಂಭಾವನೆ. ಹಂಗೇರಿಯ ಯಾಂಡೊ ನಾಕ್ಸೋಸ್‌ಗಾಗಿ ಬೀಥೋವನ್‌ನ 32 ಸೊನಾಟಗಳನ್ನೂ ನುಡಿಸಿದರು. ಅಂದರೆ ಉಳಿತಾಯವಾದದ್ದು ಹೆಸರಿನ ಖರ್ಚು. ಪಿಯಾನಿಸ್ಟ್ ಆಲ್ಫ್ರೆಡ್ ಬ್ರೆಂಡೆಲ್ ಕೂಡ ದೊಡ್ಡ ಹೆಸರಾಗುವ ಮೊದಲು ವಾಕ್ಸ್ ಎಂಬ ಅಗ್ಗದ ಲೇಬಲ್‌ಗೇ ಬೀಥೋವನ್ ನುಡಿಸಿದ್ದು.

ಹೆಸರು ನೋಡಿ ಕಿವಿ ಹೇಗೆ ಮೋಸ ಹೋಗುತ್ತದೆ ಅನ್ನುವುದಕ್ಕೆ ಜಾಯ್ಸ್ ಹ್ಯಾಟೊ ಪ್ರಕರಣ ಸಾಕು. ಕಾಯಿಲೆಯಿಂದ ಮನೆಯಲ್ಲೇ ಇದ್ದ ಈ ಇಂಗ್ಲೆಂಡಿನ ಪಿಯಾನಿಸ್ಟ್ ಹೆಸರಲ್ಲಿ ನೂರಕ್ಕೂ ಹೆಚ್ಚು ಸಿಡಿ ಬಂದವು. ವಿಮರ್ಶಕರು ಹಾಡಿ ಹೊಗಳಿದರು. 2007ರಲ್ಲಿ ಅವರ ಹೆಸರಿನ, ಫ್ರಾಂಜ್ ಲಿಸ್ಟ್ ಎಂಬ ಸಂಗೀತಕಾರನ ಕೃತಿಗಳ ಸಿಡಿಯೊಂದನ್ನು ಕಂಪ್ಯೂಟರಿಗೆ ಹಾಕಿದಾಗ ಹಾಡು ಕೇಳುವ ಸಾಫ್ಟ್‌ವೇರ್ ಐಟ್ಯೂನ್ಸ್ ತೋರಿಸಿದ್ದು ಲಾಸ್ಲೊ ಸೈಮನ್ ಎಂಬ ಬೇರೆಯವರ ಹೆಸರು! ಒಂದಾದ ಮೇಲೊಂದು ಸಿಡಿ ಪರೀಕ್ಷೆಗೆ ಬಂತು, ಎಲ್ಲಾ ಬೇರೆಯವರ ರೆಕಾರ್ಡಿಂಗ್. ಹ್ಯಾಟೊ ಅವರ ಗಂಡನೇ ಕೊನೆಗೆ ಒಪ್ಪಿಕೊಂಡರು. ಆ ಹೊಗಳಿಕೆಯೆಲ್ಲಾ ನಿಜವಾಗಿ ಸೈಮನ್‌ರಂಥವರಿಗೆ ಸಲ್ಲಬೇಕಾಗಿತ್ತು. ಅವರ ಹೆಸರಿನಲ್ಲೇ ಬಂದಿದ್ದಾಗ ಅಷ್ಟು ಜನ ಯಾಕೆ ಕೇಳಲಿಲ್ಲ? ಇದನ್ನು ನೆನೆದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ಹಾಗಾದರೆ ಕಿವಿ ಏನನ್ನು ಹಿಡಿಯಬೇಕು? ‘ಮೂನ್‌ಲೈಟ್’ ಸೊನಾಟದ ಮೊದಲ ಭಾಗ ಹಾಕಿ. ಎಡಗೈಯಲ್ಲಿ ಕೆಳಗಿನ ಉದ್ದ ಸ್ವರಗಳು. ಬಲಗೈಯಲ್ಲಿ ಮೂರು ಮೂರು ಸ್ವರದ ಗುಂಪು ಬಿಡದೆ ಸಾಗುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಬಲಗೈಯ ಹೊರಬೆರಳು ಮೇಲೆ ಒಂದೇ ಸ್ವರವನ್ನು ಮೂರು ಸಲ ಮುಟ್ಟುತ್ತದೆ, ಮೂರನೆಯದು ನಿಲ್ಲುತ್ತದೆ. ರಾಗ ಶುರುವಾಗುವುದು ಅಲ್ಲಿ. ಒಂದೇ ಕೈ ಮೇಲಿನದನ್ನು ಹಾಡಿಸಬೇಕು, ಒಳಗಿನದನ್ನು ತಗ್ಗಿಸಬೇಕು. ಎರಡೂ ಒಂದೇ ಸದ್ದಲ್ಲಿ ಕೇಳಿದರೆ ಆ ಸಿಡಿ ಪುಕ್ಕಟೆ ಸಿಕ್ಕರೂ ಬೇಡ. ಇನ್ನು ಪೆಡಲ್, ಅಂದರೆ ಕಾಲಲ್ಲಿ ಒತ್ತಿದರೆ ತಂತಿಯ ನಾದ ನಿಲ್ಲದಂತೆ ಬಿಡುವ ಸಾಧನ. ತಂತಿಗಳನ್ನು ತಡೆಯದೆ ಬಿಟ್ಟು ನುಡಿಸಿ ಅಂತ ಬೀಥೋವನ್ ಬರೆದಿದ್ದಾನೆ. ಆದರೆ ಈಗಿನ ಪಿಯಾನೋದಲ್ಲಿ ನಾದ ಅವನ ಕಾಲದ್ದಕ್ಕಿಂತ ಜಾಸ್ತಿ ಹೊತ್ತು ಉಳಿಯುತ್ತದೆ. ಕೆಳಸ್ವರ ಬದಲಾದಾಗ ಹಿಂದಿನದು ಕಲಸಿಕೊಂಡು ರಾಡಿಯಾಗುತ್ತದಾ, ತಿಳಿಯಾಗುತ್ತದಾ ಅಂತ ಗಮನಿಸಿ. ಯಾಂಡೊ ಇಂಥ ಕಡೆ ಅಚ್ಚುಕಟ್ಟು. ಕೊನೆಯ ಸೊನಾಟ, ಓಪಸ್ (ಕೃತಿ ಸಂಖ್ಯೆ) 111ರ ಎರಡನೇ ಭಾಗಕ್ಕೆ ಮಾತ್ರ ನಾನು ಬ್ರೆಂಡೆಲ್ ಹಾಕಿಕೊಳ್ಳುತ್ತೇನೆ.

ನಮ್ಮ ಕಡೆ ತಂಬೂರಿ ಕೇಳಿ ಬೆಳೆದವರಿಗೆ ಒಂದು ಅನುಕೂಲ ಇದೆ. ಪಿಯಾನೋದಲ್ಲಿ ಹೆಚ್ಚಿನ ಸ್ವರಗಳಿಗೆ ಮೂರು ಮೂರು ತಂತಿ. ಒಂದು ಸ್ವಲ್ಪ ಜಾರಿದರೂ ಸ್ವರ ಅಲೆಅಲೆಯಾಗಿ ನಡುಗುತ್ತದೆ. ಅವಸರದಲ್ಲಿ ಮುಗಿಸಿದ ರೆಕಾರ್ಡಿಂಗ್‌ನಲ್ಲಿ ಅದು ಸಿಕ್ಕಿಬೀಳುತ್ತದೆ. ಆದರೆ ಗಾಂಧಾರ ಏರಿದಂತೆ ಕೇಳಿದರೆ ತಪ್ಪೆನ್ನಬೇಡಿ. ಪಿಯಾನೋದ ಶ್ರುತಿಕ್ರಮವೇ ಹಾಗೆ, ತಂಬೂರಿಯಿಂದ ಹೊಮ್ಮುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲೆ (ಪಿಯಾನೋದಲ್ಲಿ ಒಂದು ಮನೆಯಿಂದ ಪಕ್ಕದ ಮನೆಗೆ 100 ಸೆಂಟ್). ಹಾರ್ಮೋನಿಯಂನಲ್ಲೂ ಇದೇ ಕಥೆ.

ಹಳೇ ರೆಕಾರ್ಡಿಂಗ್‌ನ ಲೆಕ್ಕ ಬೇರೆ. ಪಿಯಾನಿಸ್ಟ್ ಆರ್ಟರ್ ಶ್ನಾಬೆಲ್ 1932ರಿಂದ 1935ರವರೆಗೆ ಲಂಡನ್ನಿನಲ್ಲಿ ನುಡಿಸಿದ್ದು ಬೀಥೋವನ್ ಸೊನಾಟಗಳ ಮೊದಲ ಪೂರ್ತಿ ರೆಕಾರ್ಡಿಂಗ್. ಅದು ಈಗ ಹಲವು ಲೇಬಲ್‌ಗಳಲ್ಲಿ ಅಗ್ಗಕ್ಕೆ ಸಿಗುತ್ತದೆ. ತಪ್ಪು ಸ್ವರಗಳಿವೆ, ಸುಯ್ಯೆನ್ನುವ ಸದ್ದಿದೆ. ಇರಲಿ ಬಿಡಿ. ಕೆಲವರು ಆ ಸದ್ದನ್ನು ಅತಿಯಾಗಿ ತೊಳೆದು ಸ್ವರದ ಬಾಲವನ್ನೇ ಕತ್ತರಿಸಿಬಿಟ್ಟಿರುತ್ತಾರೆ. ಅದು ಬೇಡ. ಸದ್ದಿರುವ ಕಾಪಿಯೇ ಒಳ್ಳೆಯದು.

ಯಾವಾಗ, ಎಲ್ಲಿ ರೆಕಾರ್ಡ್ ಮಾಡಿದ್ದು ಅಂತ ಏನೂ ಬರೆಯದ ಸಿಡಿ ಬಗ್ಗೆ ಹುಷಾರು. ತೀರಾ ಅಗ್ಗದ ಲೇಬಲ್‌ಗಳಲ್ಲಿ ಸುಳ್ಳು ಹೆಸರು ಹಾಕಿದ್ದೂ ಇದೆ. ಆದರೆ ದುಬ್ರಾವ್ಕಾ ತೊಮ್ಶಿಚ್ ಅಂತಿದ್ದರೆ ಬಿಡಬೇಡಿ. ಅವರು ಸ್ಲೊವೇನಿಯಾದ ಪಿಯಾನಿಸ್ಟ್, ಹೆಸರಾಂತ ಪಿಯಾನಿಸ್ಟ್ ಆರ್ಟರ್ ರುಬಿನ್‌ಸ್ಟೈನ್ ಅವರ ಶಿಷ್ಯೆ. ಅವರ ರೆಕಾರ್ಡಿಂಗ್‌ಗಳು ಎಷ್ಟೋ ವರ್ಷ ಇಂಥ ಸಿಡಿಗಳಲ್ಲೇ ಸಿಗುತ್ತಿದ್ದವು.

ಕರಾವಳಿಯ ಹಸಿ ಗೊತ್ತಲ್ವಾ. ದುಡ್ಡು ಕೊಡುವ ಮೊದಲು ಬಾಕ್ಸ್ ತೆಗೆದು, ಒಂದೊಂದೇ ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿ. ಒಳಗಿನ ಪದರ ತಿಂದುಹೋಗಿದ್ದರೆ ಬೆಳಕು ಚುಕ್ಕಿ ಚುಕ್ಕಿಯಾಗಿ ತೂರಿ ಬರುತ್ತದೆ. ಪುಸ್ತಿಕೆಗೆ ಬೂಷ್ಟು ಹಿಡಿದಿದ್ದರೆ ಚಿಂತೆಯಿಲ್ಲ. ಅಂಥ ಚುಕ್ಕಿ ಜಾಸ್ತಿ ಇರುವ ಡಿಸ್ಕ್ ಸಿಕ್ಕರೆ ಮಾತ್ರ ಅಂಗಡಿಯವರಿಗೆ ತೋರಿಸಿ ರೇಟು ಇಳಿಸಿಕೊಳ್ಳಿ.