ಮಲೇರಿಯಾ ಆಗಿ ಐಸಿಯುನಲ್ಲಿರೋರಿಗೆ ರೆಟಿನಾ ಫೋಟೋ ಯಾಕೆ ತೆಗೀತಾರೆ, ಕಣ್ಣು ಹೋಗುತ್ತಾ?

ಲಾರಿ ತಗೊಂಡು ಒಡಿಶಾ ಕಡೆ ಹೋಗಿ ಬಂದ ನಿಮ್ಮ ಭಾವನಿಗೆ ಫಾಲ್ಸಿಪಾರಂ ಅನ್ನೋ ಜಾತಿ ಹುಳದ ಮಲೇರಿಯಾ ತಲೆಗೇರಿ ಎಚ್ಚರ ಇಲ್ಲ, ಕಣ್ಣಿನ ಡಾಕ್ಟ್ರು ಬಂದು ರೆಟಿನಾ, ಅಂದ್ರೆ ಕಣ್ಣೊಳಗಿನ ಹಿಂದಿನ ಪರದೆಯ ಫೋಟೋ ತೆಗೆದು "ರೆಟಿನಾ ಅಲ್ಲಲ್ಲಿ ಬೆಳ್ಳಗಾಗಿದೆ, ರಕ್ತದ ಚುಕ್ಕೆ ಇದೆ" ಅಂದಿದಾರೆ, ಕಣ್ಣಿಗೋಸ್ಕರ ಬೆಂಗಳೂರಿಗೆ ಶಿಫ್ಟ್ ಮಾಡ್ಬೇಕಾ ಅಂತ ಕೇಳಿದೀರ. ನಾನು ಡಾಕ್ಟ್ರಲ್ಲ, ಹಾಸನದಲ್ಲಿ ಕಣ್ಣಿನ ವಿಭಾಗದಲ್ಲಿ ಇದೇ ಫೋಟೋ ತೆಗೆಯೋ ಟೆಕ್ನಿಷಿಯನ್. ಗೊತ್ತಿರೋದು ಹೇಳ್ತೀನಿ, ಟ್ರೀಟ್‌ಮೆಂಟ್ ವಿಷ್ಯ ನಿಮ್ಮ ಡಾಕ್ಟ್ರ ಹತ್ರನೇ ಕೇಳಿ.

ಮೊದಲನೇದಾಗಿ ಆ ಫೋಟೋ ಮುಖ್ಯವಾಗಿ ಕಣ್ಣಿಗೋಸ್ಕರ ಅಲ್ಲ, ಮೆದುಳಿಗೋಸ್ಕರ. ರೆಟಿನಾ ಹುಟ್ಟೋದೇ ಮೆದುಳಿನ ಭಾಗವಾಗಿ, ಎರಡರ ಸಣ್ಣ ರಕ್ತನಾಳಗಳೂ ಹೆಚ್ಚೂಕಮ್ಮಿ ಒಂದೇ ಥರ. ಫಾಲ್ಸಿಪಾರಂ ಹೊಕ್ಕ ಕೆಂಪು ರಕ್ತಕಣಗಳು ನಾಳದ ಗೋಡೆಗೆ ಅಂಟ್ಕೊಂಡ್ಬಿಡ್ತವೆ, ತೋಟದ ಸ್ಪ್ರಿಂಕ್ಲರ್ ನಾಜಲ್‌ಗೆ ಕೆಸರು ಕಟ್ಟಿದ ಹಾಗೆ ಮುಂದಕ್ಕೆ ಹರಿವಿರಲ್ಲ, ಆಕ್ಸಿಜನ್ ಸಿಗದ ಜಾಗ ಬೆಳ್ಳಗೆ ಕಾಣುತ್ತೆ. ತಲೆಬುರುಡೆ ಬಿಚ್ಚಿ ನೋಡೋಕಾಗಲ್ವಲ್ಲ, ಅದಕ್ಕೇ ಕಣ್ಣಲ್ಲಿ ನೋಡೋದು. ಮಕ್ಕಳಲ್ಲಿ ನಾಳಗಳೇ ಕಿತ್ತಳೆ ಇಲ್ಲಾ ಬಿಳಿ ಬಣ್ಣಕ್ಕೆ ತಿರುಗ್ತವೆ, ಯಾಕಂದ್ರೆ ಪರಾವಲಂಬಿ ಕಣದೊಳಗಿನ ಹಿಮೋಗ್ಲೋಬಿನ್ ತಿಂದು ಹಾಕಿರುತ್ತೆ. ದೊಡ್ಡವರಲ್ಲಿ ಅದು ಅಪರೂಪ.

ಇದಕ್ಕೆ ಇಷ್ಟು ಬೆಲೆ ಬಂದಿದ್ದು ಆಫ್ರಿಕಾದ ಮಲಾವಿಯಿಂದ. ಅಲ್ಲಿ ಬ್ಲಾಂಟೈರ್ ಆಸ್ಪತ್ರೆಲಿ ಮೆದುಳು ಮಲೇರಿಯಾ ಅಂತ ತೀರ್ಮಾನ ಮಾಡಿದ್ದ, ತೀರ್ಕೊಂಡ 31 ಮಕ್ಕಳ ಪೋಸ್ಟ್‌ಮಾರ್ಟಂ ನೋಡಿದಾಗ 7 ಮಕ್ಕಳು ಸತ್ತಿದ್ದು ಬೇರೆ ಕಾರಣಕ್ಕೆ. 2004ರಲ್ಲಿ ಅದು ಪ್ರಕಟ ಆಯ್ತು. ಬದುಕಿದ್ದಾಗ ಅವರನ್ನ ಬೇರೆ ಮಾಡಿ ತೋರಿಸಬಹುದಾಗಿದ್ದ ಲಕ್ಷಣ ರೆಟಿನಾ ಒಂದೇ. ಅಲ್ಲಿ ಚೆನ್ನಾಗಿರೋ ಮಕ್ಕಳ ರಕ್ತದಲ್ಲೂ ಮಲೇರಿಯಾ ಹುಳ ಇರುತ್ತೆ, ಹಾಗಾಗಿ ಸ್ಮಿಯರ್ (ಗಾಜಿನ ಮೇಲೆ ರಕ್ತ ಹಚ್ಚಿ ಹುಳ ಹುಡುಕೋ ಟೆಸ್ಟ್) ಪಾಸಿಟಿವ್ ಅಂದ್ರೂ ಪೂರ್ತಿ ನಂಬಂಗಿಲ್ಲ. ನಮ್ಮ ಕಡೆ ಕಥೆ ಬೇರೆ, ಇಲ್ಲಿ ಸುಮ್‌ಸುಮ್ನೆ ಫಾಲ್ಸಿಪಾರಂ ಹೊತ್ಕೊಂಡು ಓಡಾಡೋರು ಕಮ್ಮಿ, ಪಾಸಿಟಿವ್ ಬಂದ್ರೆ ಸಾಮಾನ್ಯವಾಗಿ ಅದೇ ಕಾರಣ. ಆದ್ರೂ ಜ್ವರ ಬಂದು ಎಚ್ಚರ ತಪ್ಪಿದ್ರೆ ಇಲ್ಲಿ ಡೆಂಗ್ಯೂ, ಇಲಿಜ್ವರ, ಕೊಪ್ಪ ಎನ್ನಾರ್‌ಪುರ ಕಡೆಯಾದ್ರೆ ಮಂಗನ ಕಾಯಿಲೆನೂ ತಲೇಲಿ ಇಟ್ಕೋಬೇಕು. ಬರೀ ರಕ್ತದ ಚುಕ್ಕೆ ನೋಡಿ ಮಲೇರಿಯಾ ಅನ್ನೋಕಾಗಲ್ಲ, ಶುಗರ್, ಬಿಪಿ, ರಕ್ತ ತೀರಾ ಕಮ್ಮಿ ಆದ್ರೂ ಅದು ಬರುತ್ತೆ. ನಿಮ್ಮ ಭಾವನಿಗೆ ಶುಗರ್ ಇದ್ರೆ ಕಣ್ಣಿನ ಡಾಕ್ಟ್ರಿಗೆ ಹೇಳಿ. ಚುಕ್ಕೆ ಜೊತೆ ಆ ಬಿಳಿ ಮಚ್ಚೆ ಇದ್ರೆ ಅನುಮಾನ ಗಟ್ಟಿಯಾಗುತ್ತೆ.

ಫೋಟೋ ಒಂದನ್ನೇ ನಂಬ್ಕೊಂಡ್ರೂ ಆಗಲ್ಲ. ಎಚ್ಚರ ಇಲ್ದಿರೋರನ್ನ ಮಾಮೂಲಿ ಮಿಷನ್‌ಗೆ ಗದ್ದ ಇಟ್ಟು ಕೂರ್ಸೋಕಾಗುತ್ತಾ, ಕೈಲಿ ಹಿಡಿಯೋ ಕ್ಯಾಮೆರಾನೇ ಬೇಕು, ಕಣ್ಣು ಮೇಲಕ್ಕೆ ತೇಲ್ತಿರುತ್ತೆ, ಒಬ್ರು ರೆಪ್ಪೆ ಹಿಡ್ಕೋಬೇಕು, ಮಧ್ಯಭಾಗ ಸಿಕ್ಕಿದ್ರೂ ಅಂಚು ಸಿಗಲ್ಲ. ಅಂಚಲ್ಲೂ ಮಚ್ಚೆ ಇರುತ್ತಲ್ಲ, ಅದಕ್ಕೆ ಡಾಕ್ಟ್ರು ತಲೆಗೆ ಲೈಟ್ ಕಟ್ಕೊಂಡು ಲೆನ್ಸ್ ಹಿಡಿದು ನೋಡೋದನ್ನ ಯಾವ ಕ್ಯಾಮೆರಾನೂ ಪೂರ್ತಿ ಬದಲಾಯಿಸಿಲ್ಲ ಅಂತ ನಾನಂತೂ ಅನ್ಕೊಂಡಿದೀನಿ, ಕ್ಯಾಮೆರಾ ಹಿಡಿದು ಸಂಬಳ ತಗೊಳೋನೇ ಹೇಳ್ತಿದೀನಿ ನೋಡಿ. ಇನ್ನೊಂದು, ಪಾಪೆ ಅಗಲ ಮಾಡೋ ಡ್ರಾಪ್ಸ್ ಹಾಕಿದ ಟೈಮ್ ಕೇಸ್‌ಶೀಟಲ್ಲಿ ಬರೆದಿರ್ಬೇಕು, ಇಲ್ದಿದ್ರೆ ನೈಟ್ ಡ್ಯೂಟಿಯವರು ಟಾರ್ಚ್ ಹಾಕಿ ಪಾಪೆ ಕುಗ್ತಿಲ್ಲ ಅಂತ ಗಾಬರಿ ಬೀಳ್ತಾರೆ.

ಈಗ ಕಣ್ಣು ಹೋಗುತ್ತಾ ಅನ್ನೋದಕ್ಕೆ. ಈ ಮಚ್ಚೆ ಚುಕ್ಕೆಗಳು ಬಹುತೇಕ ವಾರಗಳಲ್ಲಿ ತಾವೇ ಹೋಗ್ತವೆ, ಮಲಾವಿಯಲ್ಲಿ ಬದುಕುಳಿದ ಮಕ್ಕಳನ್ನ ಫಾಲೋ ಮಾಡಿದಾಗಲೂ ರೆಟಿನಾ ಹಾಳಾಗಿದ್ದಕ್ಕೆ ದೃಷ್ಟಿ ಕಮ್ಮಿ ಆಗಿದ್ದು ಕಾಣಲಿಲ್ಲ. ಕೆಲವರಿಗೆ ಎಚ್ಚರ ಆದ್ಮೇಲೆ ಕಣ್ಣು ಕಾಣಲ್ಲ, ಅದು ಸಾಮಾನ್ಯವಾಗಿ ಮೆದುಳಿನ ಹಿಂಭಾಗಕ್ಕೆ ಪೆಟ್ಟಾಗಿ, ಅದೂ ಎಷ್ಟೋ ಜನಕ್ಕೆ ನಿಧಾನಕ್ಕೆ ವಾಪಸ್ ಬರುತ್ತೆ. ರೆಟಿನಾಗೆ ಅಂತ ಬೇರೆ ಇಂಜೆಕ್ಷನ್, ಲೇಸರ್ ಏನಿಲ್ಲ, ಮಲೇರಿಯಾಗೆ ರಕ್ತನಾಳಕ್ಕೆ ಕೊಡೋ ಆರ್ಟಿಸುನೇಟ್ ಇಂಜೆಕ್ಷನ್ನೇ ಔಷಧಿ. ಹಾಗಾಗಿ ಶಿಫ್ಟ್ ಮಾಡೋದಿದ್ರೆ ಕಿಡ್ನಿ, ಉಸಿರಾಟ, ಫಿಟ್ಸ್ ನೋಡ್ಕೊಂಡು ಐಸಿಯು ಡಾಕ್ಟ್ರು ಹೇಳ್ಲಿ, ಕಣ್ಣಿಗೋಸ್ಕರ ಆಂಬುಲೆನ್ಸ್ ಹತ್ತಿಸ್ಬೇಡಿ. ಮಲೇರಿಯಾ ಮಾತ್ರೆ ತಿಂದ್ರೆ ಕಣ್ಣು ಹೋಗುತ್ತೆ ಅಂತ ಯಾರಾದ್ರೂ ಹೆದರಿಸಿದ್ರೆ, ಅದು ಸಂಧಿವಾತಕ್ಕೆಲ್ಲ ವರ್ಷಗಟ್ಟಲೆ ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನೋ ಮಲೇರಿಯಾ ಮಾತ್ರೆ ತಗೊಳೋರ ವಿಷ್ಯ, ನಾಲ್ಕು ದಿನದ ಕೋರ್ಸ್‌ದಲ್ಲ.

ಡಿಸ್ಚಾರ್ಜ್ ಆದ್ಮೇಲೆ ಒಂದು ತಿಂಗಳಿಗೆ ಮತ್ತೆ ಫೋಟೋ ತೆಗೆಸಿ, ಈಗಿನ ಫೋಟೋದ ಕಾಪಿ ಫೋನಿಗೆ ಹಾಕಿಸ್ಕೊಳ್ಳಿ, ಪ್ರಿಂಟ್ ಬೇಡ, ಬಣ್ಣ ಸರಿ ಬರಲ್ಲ.