ಕಳೆ ಮಷಿನ್ ಹಿಡಿಯುವವರು ಕಿವಿ ಉಳಿಸಿಕೊಳ್ಳುವುದು ಹೇಗೆ? ಹತ್ತಿ ಇಟ್ಟರೆ ಸಾಕಾ?

ನೀವು ಕೇಳಿರುವುದು ಇದು: ಗುಬ್ಬಿ ಕಡೆ ನಾಲ್ಕು ಎಕರೆ ಅಡಿಕೆ, ತೆಂಗು. ಮಳೆ ಹಿಡಿದ ಮೇಲೆ ದಿನಕ್ಕೆ ಮೂರು ಗಂಟೆ ಟೂ ಸ್ಟ್ರೋಕ್ ಬ್ರಷ್ ಕಟರ್‌ನಲ್ಲಿ ಕಳೆ ಹೊಡೆಯುತ್ತೀರಿ. ರಾತ್ರಿ ಮಲಗಿದಾಗ ಕಿವಿ ಗುಂಯ್ ಅನ್ನುತ್ತದೆ, ಬೆಳಗಾಗುವಷ್ಟರಲ್ಲಿ ಹೋಗಿರುತ್ತದೆ. ಹತ್ತಿ ಇಟ್ಟುಕೊಂಡರೆ ಸಾಕಾ, ಕಿವಿ ಪೂರ್ತಿ ಮುಚ್ಚುವ ಇಯರ್ ಮಫ್ ಕೊಳ್ಳಬೇಕಾ, ಕೊಂಡರೆ ಎಂಥದ್ದು, ಜೊತೆಗೆ ಬರುವ ಆಳಿಗೂ ಬೇಕಾ?

ಹತ್ತಿ ಸಾಲದು. ಗಾಳಿ ಆಡುವ ವಸ್ತು ಯಾವುದಾದರೂ ಸದ್ದನ್ನೂ ಒಳಗೆ ಬಿಡುತ್ತದೆ. ಕಿವಿಗೆ ತುರುಕಿದ ಹತ್ತಿ ಚುರುಕು ಸದ್ದನ್ನು ಒಂದಿಷ್ಟು ಮೊಂಡು ಮಾಡುತ್ತದೆ, ಅದರಿಂದ ರಕ್ಷಣೆ ಸಿಕ್ಕಿತು ಅನ್ನಿಸುತ್ತದೆ, ಒಳಗೆ ಹೋಗುವ ಪೆಟ್ಟು ಹೆಚ್ಚುಕಡಿಮೆ ಹಾಗೇ ಇರುತ್ತದೆ. ತಲೆಗೆ ಬಿಗಿದ ಟವೆಲ್ಲೂ ಅಷ್ಟೇ. ಮೊಬೈಲಿನ ಇಯರ್‌ಫೋನ್ ಹಾಕಿ ಹಾಡು ಕೇಳುತ್ತಾ ಕಳೆ ಹೊಡೆಯುವುದು ಇನ್ನೂ ಕೆಟ್ಟದ್ದು. ಎಂಜಿನ್ ಸದ್ದನ್ನು ಮೀರಿ ಹಾಡು ಕೇಳಬೇಕೆಂದರೆ ವಾಲ್ಯೂಮ್ ಏರಿಸಲೇಬೇಕು, ಆಗ ಕಿವಿಗೆ ಎರಡೂ ಸದ್ದು ಒಟ್ಟಿಗೆ ಬೀಳುತ್ತವೆ.

ಬೆಳಗ್ಗೆ ಸರಿಹೋಗುತ್ತದಲ್ಲ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಒಳಕಿವಿಯಲ್ಲಿ ಸುರುಳಿ ಸುತ್ತಿದ ಒಂದು ಪುಟ್ಟ ಭಾಗವಿದೆ, ಅದರೊಳಗೆ ಸುಮಾರು 15,000 ರೋಮಕೋಶಗಳಿವೆ. ಸದ್ದನ್ನು ನರಕ್ಕೆ ದಾಟಿಸುವುದು ಅವೇ. ಜೋರು ಸದ್ದಿಗೆ ಅವು ದಣಿದಾಗ ಗುಂಯ್ ಅನ್ನುತ್ತದೆ, ಕಿವಿಗೆ ಬಿರಡೆ ಹಾಕಿದ ಹಾಗೆ ಆಗುತ್ತದೆ. ಬಿಡುವು ಸಿಕ್ಕರೆ ಚೇತರಿಸಿಕೊಳ್ಳುತ್ತವೆ. ದಿನಾ ದಣಿಸಿದರೆ ಕೆಲವು ಸಾಯುತ್ತವೆ, ಸತ್ತದ್ದು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು 4,000 ಹರ್ಟ್ಸ್ ಆಸುಪಾಸಿನ ತೆಳು ಸದ್ದು. ಹಾಗಾಗಿ ‘ನನಗೆ ಚೆನ್ನಾಗೇ ಕೇಳುತ್ತೆ’ ಅನ್ನುವವರೂ ಸ, ಶ, ತ, ಕ ಅಕ್ಷರಗಳಲ್ಲಿ ತಡವರಿಸುತ್ತಾರೆ, ಮಕ್ಕಳ ಮಾತು ಅರ್ಧ ತಪ್ಪುತ್ತದೆ, ಮನೆಯವರು ಟಿವಿ ಸದ್ದು ಜಾಸ್ತಿ ಅಂತ ಗೊಣಗುತ್ತಾರೆ. ನಿಮಗೆ ರಾತ್ರಿ ಬರುತ್ತಿರುವ ಗುಂಯ್‌ಕಾರ ಕಿವಿ ಕೊಡುತ್ತಿರುವ ಮುನ್ಸೂಚನೆ, ಇನ್ನೂ ಕಾಲ ಮಿಂಚಿಲ್ಲ.

ಈಗ ಲೆಕ್ಕ. ಕೆಲಸಗಾರರ ಸುರಕ್ಷತೆ, ಆರೋಗ್ಯದ ಬಗ್ಗೆ ಅಧ್ಯಯನ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆಯ ಮಿತಿ ದಿನಕ್ಕೆ 8 ಗಂಟೆಗೆ 85 ಡೆಸಿಬಲ್. ಅಲ್ಲಿಂದ 3 ಡೆಸಿಬಲ್ ಏರಿದಾಗಲೆಲ್ಲ ಸಮಯ ಅರ್ಧವಾಗುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ. ನಮ್ಮಲ್ಲಿ ಕಾರ್ಖಾನೆಗಳಿಗಿರುವ ಮಿತಿ 8 ಗಂಟೆಗೆ 90, ಅದು ಸಡಿಲ. ಕಿವಿಗೆ ಬಿಗಿ ಲೆಕ್ಕವೇ ಒಳ್ಳೆಯದು. ಟೂ ಸ್ಟ್ರೋಕ್ ಬ್ರಷ್ ಕಟರ್ ಪೂರ್ತಿ ರೇಸಿನಲ್ಲಿ ಹಿಡಿದವರ ಕಿವಿಯ ಬಳಿ ಸಾಮಾನ್ಯವಾಗಿ 95ರಿಂದ 100ರೊಳಗೆ ಸದ್ದು ಮಾಡುತ್ತದೆ. 97 ಅಂತ ಹಿಡಿದರೂ ನಿಮ್ಮ ಮೂರು ಗಂಟೆ ದಿನದ ಮಿತಿಯ ಆರು ಪಟ್ಟು. ಕೋಲಾರದ ಕಡೆ ನೀಲಗಿರಿ ಕಡಿಯುವವರ ಚೈನ್ ಸಾ 105 ದಾಟುತ್ತದೆ. 109 ಇದ್ದರೆ ಬರಿಗಿವಿಗೆ ಎರಡು ನಿಮಿಷವೂ ಇಲ್ಲ. ಮಾವಿಗೆ, ದ್ರಾಕ್ಷಿಗೆ ಔಷಧಿ ಹೊಡೆಯುವ ಬೆನ್ನಿನ ಪವರ್ ಸ್ಪ್ರೇಯರ್‌ನ ಎಂಜಿನ್ ಕಿವಿಯ ಹಿಂದೆಯೇ ಕೂತಿರುತ್ತದೆ, ಅದನ್ನೂ ಇದೇ ಸಾಲಿಗೆ ಸೇರಿಸಿ.

ನಿಮ್ಮ ಮಷಿನ್ನಿನ ನಿಜವಾದ ಅಂಕಿ ಅದರ ಜೊತೆ ಬಂದ ಪುಸ್ತಕದಲ್ಲಿ ಇರಬಹುದು. ಅಲ್ಲಿ ಎರಡು ಅಂಕಿ ಇದ್ದರೆ ಸೌಂಡ್ ಪ್ರೆಶರ್ ಅಂತ ಬರೆದಿರುವುದನ್ನು ನೋಡಿ. ಸೌಂಡ್ ಪವರ್ ಅನ್ನುವುದು ಎಂಜಿನ್ ಒಟ್ಟು ಹೊರಹಾಕುವ ಸದ್ದು, ಅದು ಯಾವಾಗಲೂ ದೊಡ್ಡದಾಗಿ ಕಾಣುತ್ತದೆ. ಪುಸ್ತಕ ಕಳೆದಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಮೂರಡಿ ದೂರದಲ್ಲಿ ನಿಂತವರಿಗೆ ಕೂಗಿ ಹೇಳಬೇಕಾಗಿ ಬಂದರೆ ಸದ್ದು 85 ದಾಟಿದೆ ಎಂದೇ ತಿಳಿಯಿರಿ. ಮೊಬೈಲ್ ಆ್ಯಪಿನ ಅಂಕಿಯನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ.

ಕೊಳ್ಳುವಾಗ ಪೊಟ್ಟಣದ ಮೇಲೆ ಎನ್‌ಆರ್‌ಆರ್ ಅಂತ ಒಂದು ಅಂಕಿ ಇರುತ್ತದೆ, ಎಷ್ಟು ಡೆಸಿಬಲ್ ಸದ್ದು ತಗ್ಗಿಸುತ್ತದೆ ಅನ್ನುವ ಲೆಕ್ಕ. ಪ್ರಯೋಗಾಲಯದಲ್ಲಿ, ತಿಳಿದವರು ಸರಿಯಾಗಿ ಹಾಕಿದಾಗ ಬಂದ ಅಂಕಿ ಅದು, ತೋಟದಲ್ಲಿ ಅಷ್ಟು ಸಿಗುವುದಿಲ್ಲ. ಅದರಲ್ಲಿ 7 ಕಳೆದು ಉಳಿದದ್ದನ್ನು ಅರ್ಧ ಮಾಡಿ. 29 ಬರೆದಿರುವ, ಕಿವಿಯೊಳಗೆ ತೂರಿಸುವ ಫೋಮ್ ಪ್ಲಗ್ಗಿಗೆ 22ರ ಅರ್ಧ, ಅಂದರೆ 11. ನಿಮ್ಮ 97 ಆಗ 86ಕ್ಕೆ ಇಳಿಯಿತು, ಅದರಲ್ಲಿ ಆರು ಗಂಟೆವರೆಗೂ ಕೆಲಸ ಮಾಡಬಹುದು. 25 ಬರೆದಿರುವ ಮಫ್ಫಿಗೆ 9 ಸಿಕ್ಕು 88 ಆಯಿತು, ನಾಲ್ಕು ಗಂಟೆಗೆ ಸಾಕು. ಎಂದರೆ ನಿಮ್ಮ ಮೂರು ಗಂಟೆಗೆ ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಚೈನ್ ಸಾಗೆ ಮಾತ್ರ ಪ್ಲಗ್ ಹಾಕಿ ಅದರ ಮೇಲೆ ಮಫ್ ಹಾಕಬೇಕು. ಎರಡರ ಅಂಕಿ ಕೂಡುವುದಿಲ್ಲ, ದೊಡ್ಡದಕ್ಕೆ ಸುಮಾರು 5 ಸೇರುತ್ತದೆ ಅಷ್ಟೇ. ನಮ್ಮ ದೇಶದ ಮಾನಕ ಐಎಸ್ 9167, ಯುರೋಪಿನದ್ದು ಇಎನ್ 352. ಯಾವ ಗುರುತೂ, ಯಾವ ಅಂಕಿಯೂ ಇಲ್ಲದ ಸಂತೆ ಮಾಲು ಬೇಡ.

ಅಂಕಿಗಿಂತ ದೊಡ್ಡ ವಿಷಯ ಒಂದಿದೆ, ಜನ ಅದರಲ್ಲೇ ಸೋಲುತ್ತಾರೆ. ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಪ್ಲಗ್ಗೋ ಮಫ್ಫೋ ಕಿವಿಯಲ್ಲಿರಬೇಕು. 20 ಡೆಸಿಬಲ್ ತಗ್ಗಿಸುವ ಒಳ್ಳೆಯ ಪ್ಲಗ್ ಇದೆ ಅಂದುಕೊಳ್ಳಿ. ಮೂರು ಗಂಟೆಯಲ್ಲಿ ಬರೀ 18 ನಿಮಿಷ, ಮಷಿನ್ ಓಡುವಾಗಲೇ, ಸೆಕೆ ಅಂತಲೋ ಯಾರೋ ಕರೆದರು ಅಂತಲೋ ತೆಗೆದಿರಿ. ದಿನದ ಲೆಕ್ಕದಲ್ಲಿ ನಿಮಗೆ ಸಿಗುವ ರಕ್ಷಣೆ 10ಕ್ಕಿಂತ ಕೆಳಗೆ ಬರುತ್ತದೆ. ಅರ್ಧ ಹೊತ್ತು ತೆಗೆದಿಟ್ಟರೆ ಎಷ್ಟು ದುಬಾರಿ ಮಾಲಾದರೂ 3 ಡೆಸಿಬಲ್ ಮೇಲೆ ಸಿಗುವುದಿಲ್ಲ. ಆದ್ದರಿಂದ ಸ್ಟಾರ್ಟ್ ಮಾಡುವ ದಾರ ಎಳೆಯುವ ಮೊದಲು ಹಾಕಿ, ಎಂಜಿನ್ ಆಫ್ ಮಾಡಿದ ಮೇಲೆ ತೆಗೆಯಿರಿ. ಮಾತಾಡಬೇಕಾದರೆ ಮಷಿನ್ ನಿಲ್ಲಿಸಿ ಮಾತಾಡಿ. ಅತಿ ಹೆಚ್ಚು ಅಂಕಿಯ ಭಾರದ ಮಫ್ ಕೊಂಡು ಅರ್ಧಕ್ಕೆ ಕಿತ್ತಿಡುವುದಕ್ಕಿಂತ ಮಧ್ಯಮ ಅಂಕಿಯ ಹಗುರ ಮಫ್ಫನ್ನು ಕೊನೆವರೆಗೂ ಇಟ್ಟುಕೊಳ್ಳುವುದು ಎಷ್ಟೋ ಮೇಲು.

ಫೋಮ್ ಪ್ಲಗ್ ಹಾಕುವುದನ್ನು ಮನೆಯಲ್ಲೇ ನಾಲ್ಕು ಸಲ ಅಭ್ಯಾಸ ಮಾಡಿ. ಕೈ ಸೋಪು ಹಾಕಿ ತೊಳೆದು ಒರೆಸಿ. ಪೆಟ್ರೋಲು, ಟೂ ಸ್ಟ್ರೋಕ್ ಎಣ್ಣೆ, ಕಳೆನಾಶಕ ಮುಟ್ಟಿದ ಕೈಯಲ್ಲಿ ಪ್ಲಗ್ ಹೊಸೆದರೆ ಅದೆಲ್ಲ ಕಿವಿಯ ಒಳಚರ್ಮಕ್ಕೆ ಹೋಗುತ್ತದೆ. ಹೆಬ್ಬೆರಳು ಮತ್ತು ಎರಡು ಬೆರಳ ನಡುವೆ ಮಡಿಕೆ ಬೀಳದ ಹಾಗೆ ಹೊಸೆಯುತ್ತಾ ಹೋಗಿ, ಊದುಬತ್ತಿ ಕಡ್ಡಿಗಿಂತ ಸ್ವಲ್ಪ ದಪ್ಪ ಬರುವವರೆಗೆ. ಮಡಿಕೆ ಬಿದ್ದರೆ ಅದೇ ಸಂದಿಯಲ್ಲಿ ಸದ್ದು ನುಗ್ಗುತ್ತದೆ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಕಿವಿಯ ದಾರಿ ಸೊಟ್ಟಗಿರುತ್ತದೆ, ಎಳೆದಾಗ ನೇರವಾಗುತ್ತದೆ. ಬಹಳ ಮಂದಿ ಬಿಡುವ ಹೆಜ್ಜೆ ಇದೇ, ಅದಕ್ಕೇ ಅವರ ಪ್ಲಗ್ ಅರ್ಧ ಹೊರಗೆ ನೇತಾಡುತ್ತಿರುತ್ತದೆ. ಒಳಗೆ ತೂರಿಸಿದ ಮೇಲೆ ಬೆರಳ ತುದಿಯಲ್ಲಿ 30 ಸೆಕೆಂಡ್ ಒತ್ತಿ ಹಿಡಿಯಿರಿ. ಬೇಗ ಬಿಟ್ಟರೆ ಅದು ಉಬ್ಬುತ್ತಾ ಹೊರಗೆ ಜಾರುತ್ತದೆ.

ಸರಿಯಾಗಿ ಕೂತಿದೆಯಾ ಅಂತ ನೋಡಲು ಮಷಿನ್ ಸ್ಟಾರ್ಟ್ ಮಾಡಿ ಎರಡೂ ಅಂಗೈಗಳಿಂದ ಕಿವಿ ಬಿಗಿಯಾಗಿ ಮುಚ್ಚಿ, ತೆಗೆಯಿರಿ. ಮುಚ್ಚಿದಾಗ ಸದ್ದು ಗಣನೀಯವಾಗಿ ಇಳಿದರೆ ಪ್ಲಗ್ ಸೋರುತ್ತಿದೆ, ಎಂಜಿನ್ ನಿಲ್ಲಿಸಿ ಮತ್ತೆ ಹಾಕಿ. ಹೆಚ್ಚು ವ್ಯತ್ಯಾಸ ಕಾಣದಿದ್ದರೆ ಸರಿಯಾಗಿದೆ. ನಿಮ್ಮದೇ ದನಿ ನಿಮಗೆ ಹಂಡೆಯೊಳಗಿಂದ ಬಂದ ಹಾಗೆ ಕೇಳಿದರೆ ಅದೂ ಒಳ್ಳೆಯ ಲಕ್ಷಣವೇ. ತೆಗೆಯುವಾಗ ತಿರುಚುತ್ತಾ ನಿಧಾನ ಎಳೆಯಿರಿ, ಒಮ್ಮೆಲೇ ಕಿತ್ತರೆ ಕಿವಿತಮಟೆ ಎಳೆದಂತಾಗಿ ನೋಯುತ್ತದೆ. ಫೋಮ್ ಪ್ಲಗ್ ತೊಳೆದರೆ ಉಬ್ಬುವ ಗುಣ ಕಳೆದುಕೊಳ್ಳುತ್ತದೆ. ಕೊಳೆಯಾದರೆ, ಗಟ್ಟಿಯಾದರೆ ಬಿಸಾಡಿ. ಮೂರು ಬಳೆಯ ಸಿಲಿಕಾನ್ ಪ್ಲಗ್ ಆದರೆ ಸೋಪು ನೀರಲ್ಲಿ ತೊಳೆದು ಒಣಗಿಸಿ ಬಹುಕಾಲ ಬಳಸಬಹುದು. ಕಿವಿ ಸೋರುವವರು, ತಮಟೆ ತೂತಾಗಿರುವವರು ಪ್ಲಗ್ ಹಾಕಲೇಬಾರದು, ಅವರಿಗೆ ಮಫ್ ಮಾತ್ರ.

ನಿಮ್ಮ ಕೆಲಸಕ್ಕೆ ನಾನು ಮಫ್ಫನ್ನೇ ಹೇಳುತ್ತೇನೆ. ಬ್ರಷ್ ಕಟರ್‌ನಲ್ಲಿ ಪೆಟ್ರೋಲು ತುಂಬಲು, ಕಳೆ ಕತ್ತರಿಸುವ ದಾರ ಬದಲಿಸಲು, ಬ್ಲೇಡಿಗೆ ಸುತ್ತಿದ ಸೋಗೆ ಬಿಡಿಸಲು ಮತ್ತೆ ಮತ್ತೆ ನಿಲ್ಲಿಸಬೇಕು. ಕೊಳಕು ಕೈಯಲ್ಲಿ ಪ್ಲಗ್ ತೆಗೆದು ಹಾಕುವುದಕ್ಕಿಂತ ಮಫ್ ಎತ್ತಿ ಇಳಿಸುವುದು ಸುಲಭ. ಮುಖಕ್ಕೆ ಜಾಲರಿ ಇದ್ದು ಅದಕ್ಕೇ ಮಫ್ ಜೋಡಿಸಿರುವ ಸೆಟ್ಟು ಸಿಗುತ್ತದೆ. ಕಲ್ಲು ಸಿಡಿಯುವ ಕೆಲಸದಲ್ಲಿ ಅದು ಎರಡು ಕೆಲಸ ಮಾಡುತ್ತದೆ, ಆದರೆ ಜಾಲರಿಯ ಒಳಗೆ ಕನ್ನಡಕ ಬೇಕೇ ಬೇಕು.

ಮಫ್ಫಿನ ಜೀವ ಅದರ ಸುತ್ತಿನ ಮೆತ್ತೆಯಲ್ಲಿದೆ. ಅದು ಕಿವಿಯ ಸುತ್ತ ಚರ್ಮಕ್ಕೆ ಪೂರ್ತಿ ಅಂಟಬೇಕು. ಟೋಪಿ ಅಥವಾ ಟವೆಲ್ ಅಂಚು ಅದರಡಿ ಸಿಕ್ಕಿಕೊಂಡರೆ, ಕನ್ನಡಕದ ದಪ್ಪ ಕಡ್ಡಿ ನಡುವೆ ಬಂದರೆ, ಹೆಣ್ಣುಮಕ್ಕಳ ಜುಮುಕಿ, ದೊಡ್ಡ ಓಲೆ, ಹಿರಿಯರ ಹತ್ತಕಡಕು ಒತ್ತಿದರೆ ಸಂದಿ ಬಿಟ್ಟು ಹಲವು ಡೆಸಿಬಲ್ ಸೋರಿಹೋಗುತ್ತದೆ. ಟವೆಲ್ಲನ್ನು ಕಿವಿಯ ಮೇಲಕ್ಕೆ ಕಟ್ಟಿ, ಓಲೆ ಬಿಚ್ಚಿಡಿ, ತೆಳು ಕಡ್ಡಿಯ ಅಥವಾ ಎಲಾಸ್ಟಿಕ್ ಪಟ್ಟಿಯ ಕನ್ನಡಕ ಹಾಕಿ. ಬೇಸಿಗೆಯ ಬೆವರಿಗೆ ಮೆತ್ತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ದಿನಾ ಒದ್ದೆ ಬಟ್ಟೆಯಲ್ಲಿ ಒರೆಸಿ, ಉಗುರಲ್ಲಿ ಒತ್ತಿದರೆ ಮೇಲೇಳದಿದ್ದರೆ ಬದಲಿಸಿ. ನಿತ್ಯ ಬಳಸುವವರಿಗೆ ಆರು ತಿಂಗಳಿಗೆ ಒಮ್ಮೆ ಬದಲಿಸಬೇಕಾಗುತ್ತದೆ. ಮೆತ್ತೆ ಬಿಡಿಯಾಗಿ ಸಿಗುವ ಕಂಪನಿಯ ಮಫ್ಫನ್ನೇ ಕೊಳ್ಳಿ. ಪಟ್ಟಿಯನ್ನು ಅಗಲಿಸಿ ಸಡಿಲ ಮಾಡಬೇಡಿ, ಬಿಸಿಲಲ್ಲಿ ಟ್ರ್ಯಾಕ್ಟರ್ ಮೇಲೆ ಬಿಟ್ಟು ಬರಬೇಡಿ.

ಮಷಿನ್ ಕಡೆಯೂ ನೋಡಿ. ಸೈಲೆನ್ಸರ್ ಬೋಲ್ಟು ಸಡಿಲವಾಗಿ ಗ್ಯಾಸ್ಕೆಟ್ ಸುಟ್ಟಿದ್ದರೆ ಸದ್ದು ಚಟಪಟ ಹರಿತವಾಗುತ್ತದೆ. ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಅಳತೆ ತಪ್ಪಿದರೆ ಇನ್ನೊಂದು ಕಷ್ಟ. ಪುಸ್ತಕದಲ್ಲಿ 1:50 ಅಂದಿದ್ದರೆ ಲೀಟರಿಗೆ 20 ಮಿಲಿ, 1:40 ಅಂದಿದ್ದರೆ 25 ಮಿಲಿ. ಕಣ್ಣಳತೆಯಲ್ಲಿ ಜಾಸ್ತಿ ಸುರಿದರೆ ಸೈಲೆನ್ಸರ್ ಒಳಗಿನ ಜಾಲರಿಗೆ ಮಸಿ ಕಟ್ಟಿ ಎಂಜಿನ್ ಎಳೆಯುವುದಿಲ್ಲ. ಆಗ ಕೆಲವರು ಜಾಲರಿ ಕಿತ್ತು, ತೂತು ಕೊರೆದು ‘ಪಿಕಪ್’ ತರುತ್ತಾರೆ. ಸದ್ದು ದುಪ್ಪಟ್ಟು ಅನ್ನಿಸುವಷ್ಟು ಏರುತ್ತದೆ, ಕಿಡಿ ಹಾರಿ ಒಣಹುಲ್ಲಿಗೆ ಬೆಂಕಿ ಬೀಳುವ ಭಯ ಬೇರೆ. ಜಾಲರಿ ಬಿಚ್ಚಿ ಬ್ರಷ್ಷಿನಿಂದ ಮಸಿ ತೆಗೆದು ವಾಪಸ್ ಹಾಕಿ. ಎಳೆ ಹುಲ್ಲಿಗೆ ಪೂರ್ತಿ ರೇಸ್ ಬೇಕಿಲ್ಲ. ಹೊಸದು ಕೊಳ್ಳುವ ಯೋಚನೆ ಇದ್ದರೆ ಬ್ಯಾಟರಿಯದು ನೋಡಿ, ಸದ್ದಿನಲ್ಲಿ ದೊಡ್ಡ ವ್ಯತ್ಯಾಸವಿದೆ.

ಆಳಿಗೂ ಬೇಕಾ ಅಂದರೆ, ಮಷಿನ್ ಹಿಡಿಯುವ ಆಳಾದರೆ ಖಂಡಿತ ಬೇಕು, ಅದನ್ನು ಕೊಡಿಸುವುದು ತೋಟದವರ ಜವಾಬ್ದಾರಿ. ಒಂದೇ ಪ್ಲಗ್ಗನ್ನು ಇಬ್ಬರು ಬಳಸಬಾರದು. ಹುಲ್ಲು ಬಾಚುವವರಾದರೆ ದೂರವೇ ರಕ್ಷಣೆ. ಬಯಲಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಕಲ್ಲು ಸಿಡಿಯುವುದಕ್ಕೆ ಹೇಗೂ 15 ಮೀಟರ್ ಬಿಡಬೇಕು, ಅಷ್ಟು ಬಿಟ್ಟರೆ ಕಿವಿಗೂ ಆಯಿತು. ಪಕ್ಕದಲ್ಲೇ ಅಂಥದ್ದೇ ಇನ್ನೊಂದು ಮಷಿನ್ ಓಡಿದರೆ ಹೆಚ್ಚೆಂದರೆ 3 ಡೆಸಿಬಲ್ ಕೂಡುತ್ತದೆ, ಇಬ್ಬರೂ ಬೇರೆ ಬೇರೆ ಸಾಲು ಹಿಡಿಯಿರಿ. ಮಫ್ ಹಾಕಿದವರನ್ನು ಹಿಂದಿನಿಂದ ಹೋಗಿ ಮುಟ್ಟಬೇಡಿ. ಬೆಚ್ಚಿ ತಿರುಗಿದರೆ ಬ್ಲೇಡೂ ತಿರುಗುತ್ತದೆ. ಎದುರಿಗೆ, ದೂರದಿಂದಲೇ ಕೈ ಎತ್ತಿ ನಿಲ್ಲುವುದು ‘ಆಫ್ ಮಾಡು’ ಅನ್ನುವ ಗುರುತು ಅಂತ ಮೊದಲೇ ಮಾತಾಡಿಕೊಳ್ಳಿ.

ಗುಂಯ್ ಅನ್ನುವುದಕ್ಕೆ ಬಿಸಿ ಎಣ್ಣೆ ಬಿಡಬೇಡಿ, ತೊಂದರೆ ಇರುವುದು ತಮಟೆಯ ಆಚೆ, ಎಣ್ಣೆ ಅಲ್ಲಿಗೆ ಹೋಗುವುದಿಲ್ಲ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅಂದೇ ಕಿವಿ ಡಾಕ್ಟರ ಹತ್ತಿರ ಹೋಗಿ, ತಡವಾದಷ್ಟೂ ಚಿಕಿತ್ಸೆಗೆ ಬಗ್ಗುವುದು ಕಡಿಮೆ. ಅಂಥದ್ದೇನೂ ಇಲ್ಲದಿದ್ದರೂ ಜಿಲ್ಲಾಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆಯ ಬಗ್ಗೆ ವಿಚಾರಿಸಿ ಒಮ್ಮೆ ಮಾಡಿಸಿ. ಪರೀಕ್ಷೆಗೆ ಮೊದಲು ಕನಿಷ್ಠ 14 ಗಂಟೆ ಮಷಿನ್ ಸದ್ದಿನಿಂದ ದೂರ ಇರಬೇಕು, ಇಲ್ಲದಿದ್ದರೆ ದಣಿದ ಕಿವಿಯ ಅಂಕಿ ಬರುತ್ತದೆ. ಬೆಳಗ್ಗೆ ಕಳೆ ಹೊಡೆಯದೆ ನೇರ ಹೋಗಿ. 3,000, 4,000, 6,000 ಹರ್ಟ್ಸ್‌ನಲ್ಲಿ ಗೆರೆ ಕೆಳಗೆ ಕುಸಿದು 8,000ದಲ್ಲಿ ಮೇಲೆದ್ದಿದೆಯಾ ಅಂತ ಅಲ್ಲಿಯವರನ್ನು ಕೇಳಿ, ಸದ್ದಿನಿಂದಾದ ಪೆಟ್ಟಿನ ಗುರುತು ಅದು. ಆ ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ, ಮುಂದಿನ ವರ್ಷದ್ದನ್ನು ಅದರ ಜೊತೆ ಇಟ್ಟು ನೋಡಬೇಕು.