ಬೆನ್ನ ಮೇಲೆ ಮಗು, ಮುಂದೆ ಕ್ಯಾಮೆರಾ

ಪ್ರಶ್ನೆ: ಸರ್, ಹೆಣ್ಣುಮಗಳೊಬ್ಬಳು ಬೆನ್ನಿಗೆ ಕೂಸು ಕಟ್ಕೊಂಡು ಕ್ಯಾಮೆರಾ ಪಕ್ಕ ನಿಂತಿರೋ ಹಳೇ ಫೋಟೋ ನೋಡ್ದೆ, ಕೊರಿಯಾದ ಮೊದಲ ಮಹಿಳಾ ನಿರ್ದೇಶಕಿ ಅಂತಿದ್ರು. ನಿಜಾನಾ? ಒಂದೇ ಸಿನಿಮಾ ಮಾಡಿದ್ದು ಯಾಕೆ?
- ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಜಾನೇ. ಅವರ ಹೆಸರು ಪಾರ್ಕ್ ನಾಮ್-ಓಕ್, 1923ರಲ್ಲಿ ಹುಟ್ಟಿದ್ದು, ಚಿಕ್ಕೋರಿದ್ದಾಗ ಗುಂಡು ಎಸೆತದಲ್ಲಿ ಹೆಸರು ಮಾಡಿದ್ದ ಹುಡುಗಿ, ಆದ್ರೆ ಸಿನಿಮಾ ಹುಚ್ಚು ಬಿಡಲಿಲ್ಲ. ಕೊರಿಯಾ ಯುದ್ಧ ಮುಗಿದ ಮೇಲೆ ಅಕ್ಕನ ಹತ್ರ ದುಡ್ಡು ತಗೊಂಡು, ಗಂಡನ ಕೈಲಿ ಕಥೆ ಬರೆಸಿ, 16 ಎಂಎಂ ಫಿಲ್ಮ್‌ನಲ್ಲಿ 'ಮಿಮಾಂಗಿನ್' ಶುರು ಮಾಡಿದ್ರು. ಹಾಗಂದ್ರೆ ವಿಧವೆ ಅಂತ, ಆದ್ರೆ ಆ ಪದ ಬಿಡಿಸಿದ್ರೆ ಬರೋ ಅರ್ಥ 'ಇನ್ನೂ ಸಾಯದೆ ಉಳಿದವಳು', ಕೇಳಿದ್ರೇ ಹೊಟ್ಟೇಲಿ ಸಂಕಟ ಆಗುತ್ತೆ. ಕಥೆಯೂ ಅದೇ, ಯುದ್ಧದಲ್ಲಿ ಗಂಡನ್ನ ಕಳ್ಕೊಂಡು ಪುಟ್ಟ ಮಗಳ ಜೊತೆ ಬದುಕ್ತಿರೋಳಿಗೆ ಒಬ್ಬ ಹುಡುಗನ ಮೇಲೆ ಮನಸ್ಸಾಗುತ್ತೆ, ಆ ಆಸೇನ ತಪ್ಪು ಅಂತ ಬೈಯದೆ ತೋರಿಸಿದ್ದಾರೆ, ನನಗೆ ಅದೇ ದೊಡ್ಡದು.

ಶೂಟಿಂಗ್ ಹೊತ್ತಿಗೆ ಪಾರ್ಕ್‌ಗೆ ಮಗು ಹುಟ್ಟಿ ಇನ್ನೂ ವರ್ಷ ತುಂಬಿರಲಿಲ್ಲ, ನೋಡ್ಕೊಳ್ಳೋರಿಲ್ಲ, ಅದಕ್ಕೇ ಬೆನ್ನಿಗೆ ಕಟ್ಕೊಂಡೇ ಆ್ಯಕ್ಷನ್ ಹೇಳ್ತಿದ್ರು. ಯೂನಿಟ್‌ಗೆ ಊಟ ಹಾಕೋಕೆ ದುಡ್ಡಿಲ್ಲ ಅಂತ ಅಡುಗೇನೂ ತಾವೇ ಮಾಡೋರು. ಇಷ್ಟೆಲ್ಲ ಮಾಡಿ ರೆಕಾರ್ಡಿಂಗ್‌ಗೆ ಹೋದ್ರೆ, ವರ್ಷದ ಬೋಣಿಗೆ ಹೆಂಗಸಿನ ಸಿನಿಮಾದಿಂದ ಬೇಡ ಅಂತ ಸ್ಟುಡಿಯೋದವರು ವಾಪಸ್ ಕಳಿಸಿದ್ರಂತೆ. ಆ ಮಾತು ಓದಿದಾಗಿಂದ ನನಗೆ ಸಿಟ್ಟು ಇಳಿದಿಲ್ಲ.

1955ರಲ್ಲಿ ಸಿಯೋಲ್‌ನಲ್ಲಿ ರಿಲೀಸ್ ಆಯ್ತು, ಕೆಲವೇ ದಿನದಲ್ಲಿ ಎತ್ತಂಗಡಿ, ಹಾಕಿದ ದುಡ್ಡು ಬರಲಿಲ್ಲ, ಇನ್ನೊಂದು ಸಿನಿಮಾಗೆ ದಾರಿಯೇ ಇರಲಿಲ್ಲ. ಅಲ್ಲಿ ಇನ್ನೊಬ್ಬ ಮಹಿಳೆ, ಹಾಂಗ್ ಯುನ್-ವಾನ್, ನಿರ್ದೇಶಕಿ ಆಗಿದ್ದು 1962ರಲ್ಲಿ.

1997ರಲ್ಲಿ ಸಿಯೋಲ್‌ನ ಮೊದಲ ಮಹಿಳಾ ಚಿತ್ರೋತ್ಸವದಲ್ಲಿ ಆ ಸಿನಿಮಾ ಮತ್ತೆ ತೋರಿಸಿದ್ರು, ಆಮೇಲೆ ಅವರ ಹೆಸರಲ್ಲಿ ಪ್ರಶಸ್ತೀನೂ ಬಂತು. 2017ರಲ್ಲಿ ಅಮೆರಿಕದಲ್ಲಿ ತೀರಿಕೊಂಡ್ರು, 94 ವರ್ಷ.

ಸಿಕ್ಕಿದ್ರೆ ಖಂಡಿತ ನೋಡಿ. ಒಂದು ಗೊತ್ತಿರಲಿ, ಉಳಿದಿರೋ ಪ್ರಿಂಟ್‌ನಲ್ಲಿ ಕೊನೇ ಭಾಗಕ್ಕೆ ಶಬ್ದ ಇಲ್ಲ, ತುಟಿ ಆಡ್ತಿರುತ್ತೆ ಮಾತು ಕೇಳಲ್ಲ, ಅದಾದ್ಮೇಲೆ ಕ್ಲೈಮ್ಯಾಕ್ಸೂ ಇಲ್ಲ, ರೀಲೇ ಕಳೆದುಹೋಗಿದೆ.